ಅಳಿವೆಯ ಉಪ್ಪು ಮತ್ತು ಸುಗ್ಗಿ ತಿಂಗಳ ಮೀನು

(ಕುಂಬಳೆ ಸಮೀಪದ ವಾಚನಾಲಯವೊಂದರಲ್ಲಿ ಸುಗ್ಗಿ ತಿಂಗಳ ಒಂದು ಭಾನುವಾರ ಸಂಜೆ ಮಾಡಿದ ಉಪನ್ಯಾಸದ ಬರಹ ರೂಪವಿದು. ಸಮಯ ಸಾಲದೆ ಅಲ್ಲಿ ಅವಸರದಿಂದ ಮುಗಿಸಿದ ಕೆಲವು ಸಂಗತಿಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.)

ಮಾನ್ಯ ಸಭಿಕರೇ,

ಮೀನುಗಾರಿಕೆಯ ಬಗ್ಗೆ ಮಾತನಾಡಬೇಕೆಂದು ವಾಚನಾಲಯದವರು ಕೇಳಿಕೊಂಡಾಗ, ಯಾವ ಮೀನುಗಾರಿಕೆ ಎಂದು ನಾನು ತಿರುಗಿ ಕೇಳಿದೆ. ಆ ಶಬ್ದವನ್ನು ಹೇಳಿದ ಕೂಡಲೇ ನಮಗೆಲ್ಲ ಬಂದರು, ಟ್ರಾಲ್ ಬೋಟು, ಮಂಜುಗಡ್ಡೆಯ ಲಾರಿ, ಏಲಂ ಕೂಗುವವರ ಗದ್ದಲ ನೆನಪಾಗುತ್ತವೆ. ಬೂತಾಯಿ ಮತ್ತು ಬಂಗುಡೆಯ ದೊಡ್ಡ ಹಿಡಿತ ಮಳೆಗಾಲ ಕಳೆದ ಮೇಲೆ ಶುರುವಾಗಿ ಮಕರ ಸಂಕ್ರಮಣ ದಾಟುತ್ತಿದ್ದಂತೆ ಇಳಿಯುತ್ತದೆ. ಅಲ್ಲಿಂದ ಮುಂದಿನ ತಿಂಗಳುಗಳನ್ನು ಬರದ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುವುದು ನಮ್ಮ ವಾಡಿಕೆ. ತುಳುವಿನ ಮಾಯಿ, ಸುಗ್ಗಿ, ಪಗ್ಗು, ಬೇಶ ಎಂಬ ಆ ನಾಲ್ಕು ತಿಂಗಳುಗಳಲ್ಲಿ, ಅಂದರೆ ಸುಮಾರು ಫೆಬ್ರವರಿ ನಡುವಿನಿಂದ ಜೂನ್ ನಡುವಿನವರೆಗೆ, ದಡದಲ್ಲಿ ನಿಂತವರ ಕಣ್ಣಳತೆಯೊಳಗಿನ ಕಡಲಿನಲ್ಲಿ, ಅಳಿವೆಯಲ್ಲಿ, ಹಿನ್ನೀರಿನಲ್ಲಿ ನಡೆಯುವ ಮೀನುಗಾರಿಕೆಯ ಬಗ್ಗೆ ಮಾತ್ರ ನಾನು ಇವತ್ತು ಹೇಳುತ್ತೇನೆ. ದೊಡ್ಡ ಬಂದರುಗಳ ಲೆಕ್ಕದಲ್ಲಿ ಇದು ಅಲ್ಪವೇ ಇರಬಹುದು; ಆದರೆ ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಧ್ಯಾಹ್ನದ ಊಟ ಈ ನಾಲ್ಕು ತಿಂಗಳು ನಡೆಯುವುದು ಇದರಿಂದಲೇ. ಮತ್ತು ಈ ಕಾಲದ ಮೀನಿನ ಲೆಕ್ಕವೆಲ್ಲ ಅಳಿವೆಯಲ್ಲಿ ಬರೆದಿರುತ್ತದೆ ಎಂಬುದು ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ.

ಅಳಿವೆ ಎಂದರೆ ಹೊಳೆ ಕಡಲನ್ನು ಸೇರುವ ಬಾಯಿ. ಮಲಯಾಳದಲ್ಲಿ ಅದಕ್ಕೇ ಅಳಿ, ಅಳಿಮುಖ ಎನ್ನುತ್ತಾರೆ. ಉತ್ತರದ ತಲಪಾಡಿಯಿಂದ ದಕ್ಷಿಣದ ತೃಕ್ಕರಿಪುರದವರೆಗೆ ಕಾಸರಗೋಡು ಜಿಲ್ಲೆಗೆ ಇರುವುದು ಸುಮಾರು 70 ಕಿಲೋಮೀಟರ್ ಕರಾವಳಿ. ಕೇರಳದ 44 ಹೊಳೆಗಳಲ್ಲಿ 12 ಈ ಒಂದೇ ಜಿಲ್ಲೆಯಲ್ಲಿವೆ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಎಂದು ಉತ್ತರದಿಂದ ಎಣಿಸುತ್ತ ಬಂದರೆ ಅರ್ಧ ಜಿಲ್ಲೆ ಮುಗಿಯುವುದರೊಳಗೆ ಆರು ಹೆಸರುಗಳಾಗುತ್ತವೆ. ಕೆಲವು ಕಡಲಿಗೆ ಮುನ್ನವೇ ಒಂದರೊಳಗೊಂದು ಕೂಡುತ್ತವೆ, ನಿಜ. ಆದರೂ ಇಷ್ಟು ಒತ್ತೊತ್ತಾಗಿ ಅಳಿವೆಗಳಿರುವ ತೀರದಲ್ಲಿ ಕಡಲನ್ನು ಹೊಳೆಯಿಂದ ಬೇರ್ಪಡಿಸಿ ಯೋಚಿಸುವುದು ಸಾಧ್ಯವೇ ಇಲ್ಲ.

ಮಳೆಗಾಲದಲ್ಲಿ ಈ ಹೊಳೆಗಳು ಕಡಲನ್ನು ಹಿಂದಕ್ಕೆ ತಳ್ಳುತ್ತವೆ. ಘಟ್ಟದ ಕೆಂಪು ನೀರು ತೀರದಿಂದ ಬಹುದೂರದವರೆಗೆ ಹಬ್ಬಿ, ಅಳಿವೆಯಲ್ಲಿ ನಿಂತು ಬಾಯಿಗೆ ಹಾಕಿಕೊಂಡ ನೀರೂ ಸಪ್ಪೆಯಾಗಿರುತ್ತದೆ. ತುಲಾ ಮಾಸದ ಮಳೆ ನಿಂತು, ಗುಡ್ಡದ ಒರತೆಗಳು ಬತ್ತುತ್ತ ಬಂದಂತೆ ಹೊಳೆಯ ಬಲ ಕುಗ್ಗುತ್ತದೆ; ಕುಂಭ ಮಾಸದ, ಅಂದರೆ ಮಾಯಿಯ, ಹೊತ್ತಿಗೆ ಕಡಲನ್ನು ತಡೆದು ನಿಲ್ಲಿಸುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ಆಗ ಅಲೆಗಳು ತಂದ ಮರಳು ಹೊಳೆಯ ಬಾಯಿಗೆ ಅಡ್ಡಲಾಗಿ ಕೂಡುತ್ತದೆ, ಸಣ್ಣ ಹೊಳೆಗಳ ಅಳಿವೆ ಪೂರ್ತಿ ಮುಚ್ಚಿಹೋಗುವುದೂ ಉಂಟು. ತೆರೆದೇ ಉಳಿದ ಅಳಿವೆಗಳಲ್ಲಿ ಪ್ರತಿಯೊಂದು ಉಬ್ಬರವೂ ಉಪ್ಪು ನೀರನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಒಯ್ಯುತ್ತದೆ. ಹೊಳೆಬದಿಯ ಕೃಷಿಕರು ಉಪ್ಪನ್ನು ತಡೆಯಲೆಂದು ಕಟ್ಟ ಕಟ್ಟುವುದು, ಪಗ್ಗು ತಿಂಗಳಲ್ಲಿ ತಗ್ಗಿನ ಬಾವಿಗಳ ನೀರಿಗೆ ಉಪ್ಪಿನ ರುಚಿ ಬರುವುದು ಎಲ್ಲವೂ ಇದೇ ಕತೆಯ ಭಾಗಗಳು. ಕೊಡಗಿನಲ್ಲಿ ಹುಟ್ಟಿ ಪಯಸ್ವಿನಿಯೆಂದು ಹೆಸರಾಗಿ, 105 ಕಿಲೋಮೀಟರ್ ಹರಿದು ಬರುವ ಚಂದ್ರಗಿರಿಯಂಥ ದೊಡ್ಡ ಹೊಳೆಯೇ ಬೇಸಗೆಯಲ್ಲಿ ಸೋಲುತ್ತಿತ್ತು. ಕಾಸರಗೋಡು ಪೇಟೆಗೆ ಕುಡಿಯುವ ನೀರು ಒದಗಿಸುವ ಬಾವಿಕ್ಕರೆಯವರೆಗೂ ಉಪ್ಪು ಏರುತ್ತಿದ್ದುದರಿಂದ, ಶಾಶ್ವತ ಕಟ್ಟೆ ಆಗುವ ತನಕ ಅಲ್ಲಿ ವರ್ಷ ವರ್ಷವೂ ಚೀಲಗಳಲ್ಲಿ ಮಣ್ಣು ತುಂಬಿ ತಾತ್ಕಾಲಿಕ ತಡೆಯನ್ನು ಕಟ್ಟಬೇಕಾಗಿತ್ತು.

ಕುಡಿಯುವ ನೀರಿನವರಿಗೂ ತೋಟದವರಿಗೂ ಕಷ್ಟ ತರುವ ಈ ಉಪ್ಪೇ ಬಲೆಯವನಿಗೆ ದಾರಿ ತೋರಿಸುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದಕ್ಕಿಂತ ತುಸು ಕಡಿಮೆಯಾದರೂ ಒಗ್ಗದ ಮೀನುಗಳಿವೆ. ಅರ್ಧಕ್ಕೆ ಇಳಿದರೂ ಸುಖವಾಗಿರುವ ಮೀನುಗಳಿವೆ. ಎಳೆತನದಲ್ಲಿ ಸವಳು ನೀರು, ಬೆಳೆದ ಮೇಲೆ ಕಡಲು ಎಂದು ಬದುಕನ್ನೇ ಎರಡು ಪಾಲು ಮಾಡಿಕೊಂಡ ಬಿಳಿ ಸಿಗಡಿಯಂಥವೂ ಇವೆ. ಉಪ್ಪು ಹೊಳೆಯೊಳಗೆ ಏರಿದಂತೆಲ್ಲ ಇವು ತಮ್ಮ ತಮ್ಮ ಗಡಿಯನ್ನು ಹಿಡಿದುಕೊಂಡೇ ಮುಂದಕ್ಕೆ ಬರುತ್ತವೆ. ಹೋದ ವಾರ ಸೇತುವೆಯ ಕೆಳಗೆ ಸಿಕ್ಕಿದ ಮೀನು ಈ ವಾರ ಇನ್ನೂ ಮೇಲೆ, ಉಪ್ಪು ನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡದಲ್ಲಿ ಸಿಗುವುದು ಇದೇ ಕಾರಣಕ್ಕೆ.

ಇದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದ ಮೇಲೆಯೂ ನಾನು ಉಬ್ಬರ ಇಳಿತಗಳನ್ನು ಚಂದ್ರನ ಚಿತ್ರ ಬರೆದು ವಿವರಿಸಬಲ್ಲವನಾಗಿದ್ದೆನೇ ಹೊರತು ನೀರಿನಲ್ಲಿ ನಿಂತು ತಿಳಿದವನಾಗಿರಲಿಲ್ಲ. ನಮ್ಮ ಊರಿನ ಹಿರಿಯ ಗುರಿಕಾರರೊಬ್ಬರು, ಅಂದರೆ ಬಲೆಯವರ ಮುಖಂಡರು, ಇವತ್ತು ಈ ಸಭೆಯಲ್ಲಿಯೂ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ, ನಿವೃತ್ತಿಯ ಮರುವರ್ಷ ನನ್ನನ್ನು ತಮ್ಮ ಪಾತಿಯಲ್ಲಿ ಕೂರಿಸಿಕೊಂಡು ಶಿರಿಯ ಹೊಳೆಯಲ್ಲಿ ಮೇಲಕ್ಕೆ ಹೋದರು. ಬೆಳಗಿನ ಮಬ್ಬು ಇನ್ನೂ ಇತ್ತು. ಒಂದು ಕಡೆ ಹುಟ್ಟು ಹಾಕುವುದನ್ನು ನಿಲ್ಲಿಸಿದರು, ತೋಳನ್ನು ಮೊಣಕೈವರೆಗೆ ನೀರಿಗಿಳಿಸಿ ಆಳದ ನೀರನ್ನು ಬೊಗಸೆಯಲ್ಲಿ ಎತ್ತಿ, ತುದಿನಾಲಿಗೆಗೆ ತಾಗಿಸಿ, ಉಗಿದರು. ಮತ್ತೆ ಹತ್ತು ಮಾರು ಮುಂದೆ ಹೋಗಿ ಅದನ್ನೇ ಮಾಡಿದರು. ಮೂರನೆಯ ಸಲ ಬಾಯಿ ಒರೆಸಿಕೊಂಡು, “ಇಲ್ಲಿಗೆ ನಿಂತಿದೆ ಮಾಸ್ಟ್ರೇ, ಇನ್ನು ಮೇಲೆ ಹೋಗಿ ಪ್ರಯೋಜನವಿಲ್ಲ” ಎಂದರು. ಮೇಲಿನ ನೀರನ್ನು ಬಿಟ್ಟು ಆಳದ ನೀರನ್ನು ಏಕೆ ಎತ್ತಿದರೆಂದು ನನಗೆ ಆಮೇಲೆ ಹೊಳೆಯಿತು. ಉಪ್ಪು ನೀರು ಭಾರವಾದ್ದರಿಂದ ಅದು ಸಪ್ಪೆ ನೀರಿನ ಅಡಿಯಲ್ಲಿ ನಾಲಿಗೆಯಂತೆ ಚಾಚಿಕೊಂಡು ಮೇಲೇರುತ್ತದೆ. ಮೇಲ್ಪದರವನ್ನು ರುಚಿ ನೋಡಿದವನು ಮೋಸ ಹೋಗುತ್ತಾನೆ. ಬಳಿಕ ನಾನು ಒಂದು ಉಪ್ಪಿನ ಮಾಪಕವನ್ನು ಕೊಂಡು ಅದೇ ದಾರಿಯಲ್ಲಿ ಅಳೆದು ನೋಡಿದೆ. ಸಪ್ಪೆ, ಸವಳು, ಉಪ್ಪು ಎಂದು ಅವರ ನಾಲಿಗೆ ಹೇಳಿದ್ದ ಅನುಕ್ರಮವನ್ನೇ ಅದೂ ತೋರಿಸಿತು.

ಕಡಲ ಕಡೆಯಿಂದಲೂ ಈ ಕಾಲದಲ್ಲಿ ನೀರು ಬದಲಾಗುತ್ತದೆ. ನವೆಂಬರಿನಿಂದ ಜನವರಿಯವರೆಗೆ ನಮ್ಮ ತೀರದ ಪ್ರವಾಹ ಉತ್ತರಕ್ಕೆ ಹರಿಯುತ್ತ, ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರನ್ನು ದಕ್ಷಿಣದ ತುದಿಯನ್ನು ಬಳಸಿ ಇಲ್ಲಿಯವರೆಗೆ ತರುತ್ತದೆ. ಬೇಸಗೆ ಬಲಿತಂತೆ ಪ್ರವಾಹ ತಿರುಗಿ ದಕ್ಷಿಣಮುಖವಾಗುತ್ತದೆ, ನೀರು ಉಪ್ಪೇರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅರಬ್ಬೀ ಕಡಲಿನ ನಮ್ಮ ಭಾಗದ ಮೇಲ್ಪದರದ ಬಿಸಿ 30 ಡಿಗ್ರಿಯನ್ನು ದಾಟುತ್ತದೆ. ಬಿಸಿಯಾದ ಹಗುರ ನೀರು ಮೇಲೆ ಮುಚ್ಚಳದಂತೆ ಕುಳಿತು, ಆಳದ ಸಾರವತ್ತಾದ ತಣ್ಣೀರು ಮೇಲೆ ಬಾರದಂತೆ ತಡೆಯುತ್ತದೆ. ಬೂತಾಯಿಯ ಆಹಾರವಾದ ಸೂಕ್ಷ್ಮ ಸಸ್ಯಗಳು ಆಗ ಹೇರಳವಾಗಿ ಬೆಳೆಯುವುದಿಲ್ಲ. ಜೂನಿನ ಗಾಳಿ ಆ ಮುಚ್ಚಳವನ್ನು ಸರಿಸಿ ತಣ್ಣೀರನ್ನು ಮೇಲೆತ್ತುವ ತನಕ ದಡದ ಹತ್ತಿರ ದೊಡ್ಡ ಹಿಂಡುಗಳನ್ನು ನಿರೀಕ್ಷಿಸುವಂತಿಲ್ಲ. ಆದರೆ ಅದೇ ಕಾರಣಕ್ಕೆ ನೀರು ತಿಳಿಯಾಗಿರುತ್ತದೆ, ಮತ್ತು ತಿಳಿನೀರಿನ ಮೀನುಗಾರಿಕೆ ಬೇರೆಯೇ ವಿದ್ಯೆ. ನೀವು ಮೀನನ್ನು ನೋಡುವುದಕ್ಕೆ ಮೊದಲು ಮೀನು ನಿಮ್ಮನ್ನು ನೋಡಿರುತ್ತದೆ.

ಬೀಸುಬಲೆಯನ್ನು ತೆಗೆದುಕೊಳ್ಳಿ. ಹರಡಿದರೆ ದುಂಡಗೆ ಕೊಡೆಯಂತೆ ಕಾಣುವ, ಅಂಚಿನ ಸುತ್ತ ಸೀಸದ ಮಣಿ ಪೋಣಿಸಿದ, ನೆತ್ತಿಯಲ್ಲಿ ಹಗ್ಗವಿರುವ ಬಲೆ ಅದು. ಹಗ್ಗದ ಕುಣಿಕೆ ಎಡ ಮಣಿಕಟ್ಟಿಗೆ. ಬಲೆಯ ಒಂದು ಮಡಿಕೆ ಎಡ ಮೊಣಕೈಯ ಮೇಲೆ, ಅಂಚಿನ ಒಂದು ತುಣುಕು ಹಲ್ಲಿನ ನಡುವೆ, ಉಳಿದದ್ದು ಬಲಗೈಯಲ್ಲಿ. ಸೊಂಟದಿಂದ ತಿರುಗಿ ಎಸೆದು, ಸರಿಯಾದ ಕ್ಷಣಕ್ಕೆ ಹಲ್ಲು ಸಡಿಲಿಸಿದರೆ ಬಲೆ ಗಾಳಿಯಲ್ಲಿ ಪೂರ್ತಿ ಅರಳಿ, ಅಂಚೆಲ್ಲ ಒಮ್ಮೆಗೇ ನೀರನ್ನು ಮುಟ್ಟುತ್ತದೆ. ಸಡಿಲಿಸಲು ತಡವಾದರೆ ಬಲೆ ಬಾಳೆಎಲೆಯಂತೆ ಉದ್ದಕ್ಕೆ ಬೀಳುತ್ತದೆ. ಇನ್ನೂ ತಡವಾದರೆ ಹಲ್ಲಿಗೇ ಏಟು. ಇಷ್ಟನ್ನು ಒಂದು ತಿಂಗಳಲ್ಲಿ ಕೈ ಕಲಿಯುತ್ತದೆ. ಕಲಿಯಲು ವರ್ಷಗಳು ಬೇಕಾಗುವುದು ಎಲ್ಲಿ ನಿಲ್ಲಬೇಕು ಎಂಬುದನ್ನು. ಬೆಳಗ್ಗೆ ಪೂರ್ವಕ್ಕೆ ಮುಖ ಮಾಡಿ ನಿಂತರೆ ನೆರಳು ಬೆನ್ನ ಹಿಂದೆ ಬೀಳುತ್ತದೆ, ನೀರಿನ ಮೇಲೆ ಬೀಳುವುದಿಲ್ಲ. ಉಬ್ಬರ ಏರತೊಡಗಿದಾಗ ಮೀನು ಮರಳದಿಬ್ಬದ ಒಳ ಅಂಚನ್ನು ಹಿಡಿದು, ಮೊಣಕಾಲಾಳದ ನೀರಿನಲ್ಲಿ ಸಾಲಾಗಿ ಬರುತ್ತದೆ. ಆ ಸಾಲಿನ ಮೇಲೆ ಬಲೆ ಎಸೆದವನಿಗೆ ಸಿಗುವುದು ಬಾಲದ ತುದಿ ಮಾತ್ರ. ಮೂರು ಉಸಿರಿನ ಬಳಿಕ ಅದು ಎಲ್ಲಿರುತ್ತದೋ ಅಲ್ಲಿಗೆ ಎಸೆಯಬೇಕು ಎಂದು ಗುರಿಕಾರರು ಹೇಳುತ್ತಿದ್ದರು.

ಕಾಣೆಯ ವಿಷಯದಲ್ಲಿ ಬೀಸುಬಲೆಯೂ ಸಾಲುವುದಿಲ್ಲ. ಮರಳಿನ ಬಣ್ಣದ, ಚೂಪು ಮೂತಿಯ ಈ ಮೀನು ಬಲೆ ಹತ್ತಿರ ಬಂತೆಂದರೆ ಮರಳಿನೊಳಗೆ ಹೂತುಕೊಳ್ಳುತ್ತದೆ. ಬಲೆ ಅದರ ಮೇಲೆಯೇ ಸರಿದುಹೋಗುತ್ತದೆ. ಆದ್ದರಿಂದ ಕಾಣೆಗೆ ಸಣ್ಣ ಗಾಳ, ತೆಳು ನೈಲಾನ್ ದಾರ, ಸಿಪ್ಪೆ ಸುಲಿದ ಸಿಗಡಿಯ ಚೂರು ಬೇಕು. ಇಲ್ಲವೇ ಸಂಜೆ ಬಿಟ್ಟು ಮುಂಜಾನೆ ಎತ್ತುವ ಕಂತಬಲೆ ಬೇಕು. ಕೊಯಿಪ್ಪಾಡಿಯ ಮರಳಿನಲ್ಲಿ ನಿಂತು ಗಾಳ ಹಾಕುವ ಮುದುಕರು ದಾರವನ್ನು ಕೋಲಿಗೆ ಕಟ್ಟದೆ ತೋರುಬೆರಳಿನ ಮೇಲೆಯೇ ಹಾಯಿಸಿಕೊಳ್ಳುತ್ತಾರೆ. ಕಾಣೆ ಕಚ್ಚುವುದು ಎಳೆದ ಹಾಗಲ್ಲ, ಇರುವೆ ಹರಿದ ಹಾಗೆ. ಅದನ್ನು ಬೆರಳಿನ ಚರ್ಮವೇ ಮೊದಲು ತಿಳಿಯುತ್ತದೆ.

ದೋಣಿಯೂ ಬಲೆಯೂ ಬೇಡದ ಹಿಡಿತವೊಂದಿದೆ, ಅದನ್ನು ಮೀನುಗಾರಿಕೆಯ ಲೆಕ್ಕಕ್ಕೆ ಸೇರಿಸದೆ ಬಿಡುವುದು ನನಗೆ ಸರಿಯೆನಿಸುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಳಿತ ಹೆಚ್ಚಾಗಿ ಅಳಿವೆಯ ಒಳಗಿನ ಕೆಸರುದಿಬ್ಬಗಳು ತೆರೆದುಕೊಂಡಾಗ ಹೆಂಗಸರು ಮರುವಾಯಿ ಎಂಬ ಚಿಪ್ಪುಜೀವಿಯನ್ನು ಹೆಕ್ಕಲು ಇಳಿಯುತ್ತಾರೆ. ಸೊಂಟದ ನೀರಿನಲ್ಲಿ ನಿಂತು, ಪಾದದಿಂದ ಕೆಸರನ್ನು ಒತ್ತಿ ಒತ್ತಿ ನೋಡುತ್ತ, ಗಟ್ಟಿಯಾದದ್ದು ತಾಗಿದರೆ ಕಾಲ್ಬೆರಳಿನಿಂದಲೇ ಎತ್ತಿ ಕೈಗೆ ತಂದುಕೊಳ್ಳುತ್ತಾರೆ. ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ಅಲ್ಯೂಮಿನಿಯಂ ಪಾತ್ರೆ ತೇಲುತ್ತಿರುತ್ತದೆ. ಮರುವಾಯಿಗೆ ಓಡಿಹೋಗುವ ಉಪಾಯವಿಲ್ಲ, ನೀರು ಬದಲಾದರೆ ಅಲ್ಲಿಯೇ ಸಾಯಬೇಕು. ಆದ್ದರಿಂದ ಅಳಿವೆಯ ಆರೋಗ್ಯವನ್ನು ಮೊದಲು ಹೇಳುವವರು ಈ ಹೆಂಗಸರೇ. ಬಾಯಿ ತೆರೆದ ಖಾಲಿ ಚಿಪ್ಪುಗಳು ಹೆಚ್ಚು ಸಿಗತೊಡಗಿದವೆಂದು ಅವರು ಹೇಳಿದರೆ ಅದನ್ನು ಗಂಭೀರವಾಗಿ ಕೇಳಬೇಕು.

ಜಿಲ್ಲೆಯ ದಕ್ಷಿಣ ತುದಿಯಲ್ಲಿ, ಕಡಲಿಗೂ ಕವ್ವಾಯಿ ಹಿನ್ನೀರಿಗೂ ನಡುವೆ ವಲಿಯಪರಂಬದ ಉದ್ದನೆಯ ಮರಳುನಾಡು ಚಾಚಿಕೊಂಡಿದೆ. ಪಡನ್ನ, ಚೆರುವತ್ತೂರಿನ ಜನ ಅಲ್ಲಿ ಬೇಸಗೆಯ ಈ ಉಪ್ಪನ್ನೇ ಬೆಳೆಯಾಗಿ ಮಾಡಿಕೊಂಡಿದ್ದಾರೆ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಅಲ್ಲಿ ಬಂಡೆಗೆ ಅಂಟಿ ಬೆಳೆಯುವ ಪಚ್ಚಿಲೆ ಎಂಬ ಚಿಪ್ಪುಜೀವಿಯನ್ನು ಸಾಕುವ ಕ್ರಮವನ್ನು ತೋರಿಸಿಕೊಟ್ಟಿತು. ಬಳಿಕ ಅದನ್ನು ಹರಡಿದವರು ಹೆಚ್ಚಾಗಿ ಮಹಿಳೆಯರ ಸ್ವಸಹಾಯ ಗುಂಪುಗಳವರು. ಬಂಡೆಗಳಿಂದ ತಂದ ಉಗುರಿನಷ್ಟು ಸಣ್ಣ ಪಚ್ಚಿಲೆಗಳನ್ನು ಹಗ್ಗದ ಸುತ್ತ ಹರಡಿ, ಹತ್ತಿಬಟ್ಟೆಯಿಂದ ಸುತ್ತಿ ಹೊಲಿದು, ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೆಲವೇ ದಿನಗಳಲ್ಲಿ ಕೊಳೆತು ಹೋಗುವಷ್ಟರಲ್ಲಿ ಪಚ್ಚಿಲೆ ತನ್ನದೇ ನಾರುಗಳಿಂದ ಹಗ್ಗವನ್ನು ಬಿಗಿಯಾಗಿ ಹಿಡಿದಿರುತ್ತದೆ. ಹಿನ್ನೀರು ಉಪ್ಪಾಗುವ ನವೆಂಬರ್, ಡಿಸೆಂಬರಿನಲ್ಲಿ ಇಳಿಬಿಟ್ಟದ್ದನ್ನು ಏಪ್ರಿಲ್, ಮೇ ತಿಂಗಳಲ್ಲಿ ಎತ್ತಲೇಬೇಕು. ಮೊದಲ ಜೋರು ಮಳೆಯ ಸಪ್ಪೆ ನೀರು ನುಗ್ಗಿತೆಂದರೆ ಹಗ್ಗದಲ್ಲಿದ್ದದ್ದೆಲ್ಲ ಸಾಯುತ್ತದೆ. ಏಪ್ರಿಲ್ ನಡುವಿನ ಬಿಸು ಹಬ್ಬದ ನಂತರ ಅಲ್ಲಿಯವರು ಪಶ್ಚಿಮದ ಮೋಡವನ್ನು ನೋಡುವ ಬಗೆಯೇ ಬೇರೆ.

ಇನ್ನು ರಾತ್ರಿಯ ಮಾತು. ಉಪ್ಪೇರಿದ ಬೇಸಗೆಯ ಹಿನ್ನೀರಿನಲ್ಲಿ ಕೆಲವು ರಾತ್ರಿ ಹುಟ್ಟಿನ ಏಟಿಗೆ ನೀರು ನೀಲಿಯಾಗಿ ಹೊಳೆಯುತ್ತದೆ. ಕೇರಳದ ಹಿನ್ನೀರಿನವರು ಅದಕ್ಕೆ ಕವರು ಎಂಬ ಹೆಸರಿಟ್ಟಿದ್ದಾರೆ; ಅಲುಗಿದಾಗ ಬೆಳಕು ಬಿಡುವ ಸೂಕ್ಷ್ಮ ಜೀವಿಗಳ ಕೆಲಸ ಅದು. ನೋಡಲು ಬಂದವರಿಗೆ ಅದು ಸೊಬಗು, ಕಂತಬಲೆಯವನಿಗೆ ಮಾತ್ರ ನಷ್ಟದ ರಾತ್ರಿ. ನೀರಿನಲ್ಲಿ ತೂಗುವ ಬಲೆಯ ಪ್ರತಿಯೊಂದು ಕಣ್ಣೂ ಬೆಳಗಿ, ಮೀನಿಗೆ ಬೇಲಿಯಂತೆ ಕಾಣುತ್ತದೆ. ಆ ದಿನಗಳಲ್ಲಿ ಬಲೆ ಬಿಡದೆ ಮನೆಯಲ್ಲಿ ಕುಳಿತು ಹರಿದದ್ದನ್ನು ಹೆಣೆಯುತ್ತಾರೆ.

ಇದಕ್ಕಿಂತ ಗಂಭೀರವಾದ ಎಚ್ಚರಿಕೆಯೊಂದನ್ನು, ವಿಶೇಷವಾಗಿ ಕಲ್ಲಿನ ತಡೆಗೋಡೆಗಳ ಮೇಲೆ ಗಾಳ ಹಿಡಿದು ನಿಲ್ಲುವ ಯುವಕರಿಗೆ ಹೇಳಬೇಕು. ಬೇಸಗೆಯ ಕೊನೆಯಲ್ಲಿ ಗಾಳಿಯಿಲ್ಲದ, ಮೋಡವಿಲ್ಲದ ದಿನವೇ ಕಡಲು ಏಕಾಏಕಿ ಏರಿ ದಡವನ್ನು ಹೊಡೆಯುವುದುಂಟು. ಮಲಯಾಳದಲ್ಲಿ ಇದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ, ಕಳ್ಳನಂತೆ ಸುಳಿವು ಕೊಡದೆ ಬರುವ ಕಡಲು ಎಂದು. 2012ರಲ್ಲಿ ಯುನೆಸ್ಕೋ ಈ ಶಬ್ದವನ್ನೇ ವಿಜ್ಞಾನದ ಬಳಕೆಗೆ ಒಪ್ಪಿಕೊಂಡಿತು. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಸಾಗರದ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆಗಳು ಹಲವು ದಿನ ಪ್ರಯಾಣ ಮಾಡಿ ಇಲ್ಲಿಗೆ ಬರುತ್ತವೆ. ಇಲ್ಲಿಯ ಆಕಾಶವನ್ನು ಎಷ್ಟು ನೋಡಿದರೂ ಅದರ ಗುರುತು ಸಿಗುವುದಿಲ್ಲ. 2024ರ ಮಾರ್ಚ್ 31ರಂದು ಕೇರಳದ ಹಲವು ಕಡೆ ಹೀಗೆಯೇ ಕಡಲು ಮನೆಗಳಿಗೆ ನುಗ್ಗಿತು. ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯ್ಸ್, ಇದರ ಮುನ್ಸೂಚನೆಯನ್ನು ಕೊಡುತ್ತದೆ. ಅದು ಬೇಡವೆಂದ ದಿನ ಕಲ್ಲಿನ ಮೇಲೆ ನಿಲ್ಲಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಇರುವ ವಿಷಯಕ್ಕೆ ಈಗ ಬರುತ್ತೇನೆ. ಪಗ್ಗು, ಬೇಶದ ಮೀನಿನಲ್ಲಿ ಮೊಟ್ಟೆಯಿರುತ್ತದೆ. ಬೂತಾಯಿ ಮಳೆಗಾಲದ ಆರಂಭಕ್ಕೆ ಮೊಟ್ಟೆಯಿಡಲು ಈಗಲೇ ಬಲಿಯುತ್ತಿರುತ್ತದೆ. ಸೀ ಬಾಸ್ ಎಂದು ಪುಸ್ತಕಗಳು ಹೇಳುವ, ಮಲಯಾಳದ ಕಾಳಾಂಜಿ, ಮಳೆಗೆ ಮುನ್ನ ಹೊಳೆಯಿಂದ ಅಳಿವೆಯ ಕಡೆಗೆ ಇಳಿಯುತ್ತದೆ. ಈ ಮೀನಿನ ಬದುಕು ಅಚ್ಚರಿಯದು. ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ನಂತರ ಅದೇ ಮೀನು ಹೆಣ್ಣಾಗುತ್ತದೆ. ಅಂದರೆ ಅಳಿವೆಯ ದೊಡ್ಡ ಕಾಳಾಂಜಿಗಳೆಲ್ಲ ಬಹುಮಟ್ಟಿಗೆ ಹೆಣ್ಣುಗಳೇ, ಒಂದೊಂದರ ಹೊಟ್ಟೆಯಲ್ಲೂ ಲಕ್ಷಗಟ್ಟಲೆ ಮೊಟ್ಟೆಗಳು. ಆರು ವರ್ಷಗಳ ಹಿಂದೆ ಬೇಶ ತಿಂಗಳ ಒಂದು ಸಂಜೆ ನನ್ನ ಗಾಳಕ್ಕೆ ಅಂಥದೊಂದು ಸಿಕ್ಕಿತು. ಅರ್ಧ ಗಂಟೆ ಹೋರಾಡಿ ದಡಕ್ಕೆ ತಂದಾಗ ಸುತ್ತಲಿದ್ದವರು ಫೋಟೋ ತೆಗೆದರು, ನಾನೂ ಹಿಗ್ಗಿದೆ. ಮನೆಯಲ್ಲಿ ಹೊಟ್ಟೆ ಸೀಳಿದಾಗ ಎರಡು ಮಡಿಕೆಗಳಾಗಿ ತುಂಬಿದ್ದ ಹಳದಿ ಮೊಟ್ಟೆ ಕತ್ತಿಯ ಮೇಲೆಯೇ ಜಾರಿತು. ನನ್ನ ಹೆಂಡತಿ ಏನೂ ಹೇಳಲಿಲ್ಲ. ಮೊಟ್ಟೆಯನ್ನು ಬೇರೆ ತಟ್ಟೆಗೆ ತೆಗೆದು ಬಹಳ ಹೊತ್ತು ನೋಡಿದಳು. ಅಂದಿನಿಂದ ಬೇಶ ತಿಂಗಳಲ್ಲಿ ಕಾಳಾಂಜಿಗೆ ಗಾಳ ಹಾಕುವುದನ್ನು ನಾನು ಬಿಟ್ಟಿದ್ದೇನೆ.

ಇರ್ಪೆಯ ಮಾತೂ ಹಾಗೆಯೇ. ಮಲಯಾಳದಲ್ಲಿ ಕರಿಮೀನ್ ಆಗಿ 2010ರಲ್ಲಿ ಕೇರಳದ ರಾಜ್ಯಮೀನೆಂಬ ಗೌರವ ಪಡೆದ ಈ ಮೀನು ಮುಳುಗಿದ ಕಲ್ಲು, ಕೊರಡುಗಳಿಗೆ ಮೊಟ್ಟೆಗಳನ್ನು ಅಂಟಿಸಿ, ಗಂಡು ಹೆಣ್ಣು ಎರಡೂ ಕಾವಲು ನಿಂತು ರೆಕ್ಕೆಯಿಂದ ನೀರು ಬೀಸುತ್ತವೆ. ತಿಳಿನೀರಿನಲ್ಲಿ ಒಂದೇ ಕಡೆ ಕದಲದೆ ನಿಂತ ಜೋಡಿ ಕಂಡರೆ ಅದು ಸುಲಭದ ಬೇಟೆಯೆಂದು ಬಲೆ ಎಸೆಯುವವರಿದ್ದಾರೆ. ಆ ಜೋಡಿ ಹೋದರೆ ಮೊಟ್ಟೆಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ.

ಕಾನೂನು ಈ ಸಂಗತಿಗಳನ್ನು ಸ್ವಲ್ಪ ಮಟ್ಟಿಗೆ ಗಮನಿಸಿದೆ. ಕೇರಳದಲ್ಲಿ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಎಂಬಂತೆ ಹಿಡಿಯಬಹುದಾದ ಕನಿಷ್ಠ ಅಳತೆಗಳಿವೆ. ಮಳೆಗಾಲದ ಟ್ರಾಲಿಂಗ್ ನಿಷೇಧ ಇಲ್ಲಿ 1988ರಲ್ಲಿ ಶುರುವಾದದ್ದು, ಈಗ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ನಡೆಯುತ್ತದೆ. ತಲಪಾಡಿಯ ಆಚೆ ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದಲೇ, 61 ದಿನ. ಮೀನಿಗೆ ತಲಪಾಡಿಯ ಗಡಿ ಗೊತ್ತಿಲ್ಲ. ಗಡಿಯ ಎರಡೂ ಬದಿಯಲ್ಲಿ ನೆಂಟರಿರುವ ನಮಗೆ ಈ ಒಂಬತ್ತು ದಿನಗಳ ಅಂತರ ಎಂದೂ ಅರ್ಥವಾಗಿಲ್ಲ, ಎರಡು ರಾಜ್ಯಗಳು ಕುಳಿತು ಅದನ್ನು ಒಂದು ಮಾಡಿದರೆ ಒಳ್ಳೆಯದು. ಆದರೆ ಈ ನಿಯಮಗಳೆಲ್ಲ ಮುಖ್ಯವಾಗಿ ಕಡಲಿನವು. ಮೊಟ್ಟೆ ತುಂಬಿದ ಮೀನು ಅಳಿವೆಗೆ ಇಳಿಯುವ ಬೇಶದ ಹದಿನೈದು ದಿನಗಳ ಬಗ್ಗೆ ಊರೂರಿನ ಬಲೆಯವರೇ ಕುಳಿತು ಮಾತಾಡಿಕೊಳ್ಳಬೇಕು. ಹಿಂದೆ ದಡಕ್ಕೆ ಎಳೆಯುವ ದೊಡ್ಡ ಬಲೆಯಾದ ರಂಪಣಿಯ ಕಾಲದಲ್ಲಿ, ಊರಿಗೆ ಊರೇ ಸೇರಿ ಬಲೆ ಎಳೆಯುತ್ತಿದ್ದಾಗ, ಯಾವ ದಿನ ಯಾರು ಬಲೆ ಬಿಡಬೇಕೆಂದು ಗುರಿಕಾರರ ಮುಂದೆ ತೀರ್ಮಾನವಾಗುತ್ತಿತ್ತು. 1970ರ ದಶಕದ ನಡುವಿನಲ್ಲಿ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು, ಅದರ ಸಣ್ಣ ರೂಪವಾದ ಕೈರಂಪಣಿ ಅಲ್ಲಲ್ಲಿ ಉಳಿದಿದೆ. ಕುಳಿತು ತೀರ್ಮಾನಿಸುವ ಪದ್ಧತಿ ಅದಕ್ಕಿಂತಲೂ ಕಡಿಮೆ ಉಳಿದಿದೆ.

ಅಳಿವೆಗೆ ಬಂದಿರುವ ಕಷ್ಟಗಳೂ ಸಣ್ಣವಲ್ಲ. ಹೊಳೆಯಿಂದ ಮಿತಿಮೀರಿ ಹೊಯಿಗೆ ತೆಗೆದಾಗ ತಳ ತಗ್ಗಿ, ಉಪ್ಪು ಮೊದಲಿಗಿಂತ ಹೆಚ್ಚು ದೂರ ಏರುತ್ತದೆ. ತೀರದಲ್ಲಿ ಕಲ್ಲು ಹಾಕಿದಲ್ಲಿ ಅಲೆಗಳು ತರುವ, ಒಯ್ಯುವ ಮರಳಿನ ಲೆಕ್ಕ ತಪ್ಪಿ, ಒಂದು ಬದಿಯಲ್ಲಿ ದಿಬ್ಬ, ಇನ್ನೊಂದು ಬದಿಯಲ್ಲಿ ಕೊರೆತ ಆಗುತ್ತದೆ. ಒಂದು ವರ್ಷ ನಮ್ಮ ಸಮೀಪದ ಸಣ್ಣ ಅಳಿವೆಯ ಮರಳದಿಬ್ಬವನ್ನು ಸುಗ್ಗಿಯಲ್ಲಿಯೇ ಯಂತ್ರ ತಂದು ಕಡಿದರು. ತಗ್ಗಿನ ಮನೆಗಳಿಗೆ ನೀರು ನಿಲ್ಲಬಾರದೆಂಬ ಉದ್ದೇಶ ತಪ್ಪಲ್ಲ. ಕಾಲ ಮಾತ್ರ ತಪ್ಪಿತ್ತು. ಮೂರು ದಿನಗಳಲ್ಲಿ ಒಳಗಿನ ಸವಳು ನೀರೆಲ್ಲ ಕಡಲಿಗೆ ಹರಿದುಹೋಗಿ, ಮರುವಾಯಿಯ ಕೆಸರು ಬಿಸಿಲಿಗೆ ಒಡೆಯಿತು, ಬೆರಳುದ್ದದ ಸಿಗಡಿಗಳು ಗುಂಡಿಗಳಲ್ಲಿ ಉಳಿದು ಕಾಗೆಗಳ ಪಾಲಾದವು. ಆ ದಿಬ್ಬ ಇನ್ನೆರಡು ತಿಂಗಳು ಹಾಗೆಯೇ ಇದ್ದಿದ್ದರೆ ಮೊದಲ ಮಳೆಗೆ ಹೊಳೆಯೇ ಅದನ್ನು ಒಡೆಯುತ್ತಿತ್ತು, ಆ ನೆರೆಯೊಂದಿಗೆ ಸಿಗಡಿ ತಾನಾಗಿ ಕಡಲಿಗೆ ಇಳಿಯುತ್ತಿತ್ತು. ಅಳಿವೆಯನ್ನು ಕಡಿಯುವ ಮುನ್ನ ಅದರಲ್ಲಿ ದುಡಿಯುವ ಹೆಂಗಸರನ್ನೂ ಬಲೆಯವರನ್ನೂ ಒಮ್ಮೆ ಕೇಳುವ ಕ್ರಮ ಬರಬೇಕೆಂದು ನಾನು ಅಂದಿನಿಂದ ಎಲ್ಲ ಕಡೆಯೂ ಹೇಳುತ್ತ ಬಂದಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಮಾತು ಮುಗಿದ ಮೇಲೆ, ಗಲ್ಫಿನಿಂದ ರಜೆಗೆ ಬಂದಿದ್ದ ಯುವಕನೊಬ್ಬ ಎದ್ದು ನಿಂತು, ತನ್ನ ಬಳಿ ಒಳ್ಳೆಯ ಕೋಲೂ ರೀಲೂ ಇದೆ, ಎಲ್ಲಿ ಯಾವಾಗ ನಿಲ್ಲಬೇಕೆಂದು ನೇರವಾಗಿ ಹೇಳಿ ಎಂದು ಕೇಳಿದ. ನಾನು ಹೇಳಿದ್ದು ಇಷ್ಟು. ಉಬ್ಬರದ ಪಟ್ಟಿಯನ್ನು ನೋಡಿ, ಅಮಾವಾಸ್ಯೆಯ ಆಸುಪಾಸಿನ ದಿನಗಳಲ್ಲಿ ನೀರು ಬೆಳಕು ಹರಿಯುವ ಹೊತ್ತಿಗೆ ಏರತೊಡಗುವ ದಿನವನ್ನು ಆರಿಸಿಕೊಳ್ಳಬೇಕು. ಕಲ್ಲಿನ ಮೇಲೆ ಬೇಡ, ಅಳಿವೆಯ ಒಳಬದಿಯ ಮರಳಿನಲ್ಲಿ ಮೊಣಕಾಲಾಳದಲ್ಲಿ ನಿಲ್ಲಬೇಕು. ಜೀವಂತ ಸಿಗಡಿಯನ್ನು ಬಾಲದ ಹತ್ತಿರ ಗಾಳಕ್ಕೆ ಸಿಕ್ಕಿಸಿ, ಭಾರ ಕಟ್ಟದೆ, ನೀರಿನ ಸೆಳೆತಕ್ಕೆ ಬಿಟ್ಟುಬಿಡಬೇಕು. ಸಣ್ಣದೋ ಮೊಟ್ಟೆಯದೋ ಸಿಕ್ಕಿದರೆ ಕೈಯನ್ನು ಮೊದಲು ಒದ್ದೆ ಮಾಡಿಕೊಂಡು ಹಿಡಿಯಬೇಕು. ಒಣ ಕೈ ಮೀನಿನ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ, ಆಮೇಲೆ ಬಿಟ್ಟರೂ ಅದು ಬದುಕುವುದು ಕಷ್ಟ. ನೀರಿನೊಳಗೆಯೇ ಗಾಳ ಬಿಡಿಸಿ, ಸೆಳೆತಕ್ಕೆ ಮುಖ ಮಾಡಿ ಹಿಡಿದಿದ್ದು, ಅದು ತಾನಾಗಿ ಬಾಲ ಬೀಸುವ ತನಕ ಕಾಯಬೇಕು.

ಎಷ್ಟು ಹೊತ್ತು ಕಾಯಬೇಕು ಎಂದು ಅವನು ಮತ್ತೆ ಕೇಳಿದ. ಹಿಂದಿನ ಸಾಲಿನಿಂದ ಗುರಿಕಾರರು ಎದ್ದು, “ಅದನ್ನು ಇಲ್ಲಿ ನಿಂತು ಹೇಳಿದರೆ ಆಗುವುದಿಲ್ಲ ಮಗಾ, ಶುಕ್ರವಾರ ಬೆಳಗ್ಗೆ ಐದೂವರೆಗೆ ಶಿರಿಯ ಸೇತುವೆಯ ಹತ್ತಿರ ಬಾ” ಎಂದರು.